ನೆಲ ಬಿಡದ ವಿಮಾನ: ಎಡ್ವಿನ್ ಲಿಂಕನ ಜೀವನ ವೃತ್ತಾಂತ

ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕಾಗಿ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು ವಿಮಾನಚಾಲಕನ ಕೋಣೆಯ ಮಾದರಿಯೊಂದನ್ನು ಕಟ್ಟಿದ್ದುದನ್ನು ಈ ಸಂಚಿಕೆಯ ವಾಚಕರಲ್ಲಿ ಅನೇಕರು ಕಂಡಿರಬಹುದು. ದಪ್ಪ ರಟ್ಟನ್ನು ದುಂಡಗೆ ಕೊರೆದು, ಕಪ್ಪು ಬಣ್ಣ ಬಳಿದು, ಎತ್ತರವನ್ನು ತೋರಿಸುವ ಮಾಪಕ, ವೇಗವನ್ನು ತೋರಿಸುವ ಮಾಪಕ, ದಿಕ್ಸೂಚಿ, ಕೃತಕ ದಿಗಂತ ಮೊದಲಾದ ಆರು ಮುಖಗಳನ್ನು ಅವರು ಎರಡು ಸಾಲಾಗಿ ಜೋಡಿಸಿದ್ದರು. ಅಂಕಿಗಳನ್ನು ಅಚ್ಚಿಗೆ ಸಮನಾಗಿ ಬಿಳಿಯ ಬಣ್ಣದಲ್ಲಿ ಬರೆದಿದ್ದರು. ಬಂದವರೆಲ್ಲರೂ ಮೆಚ್ಚಿದರು, ನಾವೂ ಮೆಚ್ಚಿದೆವು. ಆದರೆ ತನ್ನ ಅಕ್ಕನೊಡನೆ ಬಂದಿದ್ದ ಒಬ್ಬ ಪುಟ್ಟ ಹುಡುಗಿಯು ಆ ಕುರ್ಚಿಯಲ್ಲಿ ಕುಳಿತು, ಹಿಡಿಕೋಲನ್ನು ತನ್ನತ್ತ ಎಳೆದು, ಮುಳ್ಳುಗಳು ಏಕೆ ಅಲುಗುವುದಿಲ್ಲವೆಂದು ಕೇಳಿದಳು. ಮಾದರಿಯನ್ನು ಕಟ್ಟಿದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾವು ಕೂಡ ಆಗ ಸಮಾಧಾನಕರವಾದ ಉತ್ತರವನ್ನು ಕೊಡಲಾರದೆ ಹೋದೆವು.

ಆ ಮಗುವಿನ ಪ್ರಶ್ನೆಯನ್ನೇ ತನ್ನ ಯೌವನದ ಕೆಲಸವನ್ನಾಗಿ ಮಾಡಿಕೊಂಡ ಒಬ್ಬ ಮನುಷ್ಯನಿದ್ದನು. ನೆಲವನ್ನು ಬಿಟ್ಟು ಒಂದಂಗುಲವೂ ಏಳದ ವಿಮಾನವನ್ನು ನಿರ್ಮಿಸಿ, ಅದರೊಳಗಿನ ಮುಳ್ಳುಗಳನ್ನು ನಿಜವಾದ ಕಾರಣಕ್ಕಾಗಿಯೇ ಅಲುಗುವಂತೆ ಮಾಡಿ, ಲಕ್ಷಾಂತರ ವೈಮಾನಿಕರಿಗೆ ಹಾರುವುದನ್ನು ಕಲಿಸಿದವನು ಆತನು. ಅಮೆರಿಕದ ಎಡ್ವಿನ್ ಆಲ್ಬರ್ಟ್ ಲಿಂಕ್ ಎಂಬ ಆ ಮಹಾಶಯನ ವೃತ್ತಾಂತವನ್ನು ಈ ಪುಟಗಳಲ್ಲಿ ಬರೆಯಲು ಉದ್ದೇಶಿಸಿದ್ದೇವೆ. ವಿಮಾನ ನಿಲ್ದಾಣವೇ ಇಲ್ಲದ ನಮ್ಮ ಕೊಡಗಿನ ಹುಡುಗಿಯರಿಗೆ ಈ ಕಥೆಯಿಂದೇನು ಎಂದು ಕೇಳುವವರಿರಬಹುದು. ಮಂಜು ಎಂದರೇನೆಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕಥೆಯ ಅರ್ಧ ಭಾಗವು ಮಂಜಿನದು. ಉಳಿದರ್ಧವು ನಮ್ಮ ಸಭಾಂಗಣದ ಮೂಲೆಯಲ್ಲಿರುವ ಹಾರ್ಮೋನಿಯಮ್ಮಿನದು.

ಲಿಂಕನು 1904ನೆಯ ಇಸವಿ ಜುಲೈ 26ರಂದು ಇಂಡಿಯಾನಾ ಪ್ರಾಂತ್ಯದ ಹಂಟಿಂಗ್‌ಟನ್ ಎಂಬ ಊರಿನಲ್ಲಿ ಜನಿಸಿದನು. ಆತನು ಆರು ವರುಷದವನಾಗಿದ್ದಾಗ ತಂದೆಯು ನ್ಯೂಯಾರ್ಕ್ ಪ್ರಾಂತ್ಯದ ಬಿಂಗ್‌ಹ್ಯಾಮ್‌ಟನ್ ಪಟ್ಟಣದಲ್ಲಿ ಸಂಗೀತ ವಾದ್ಯಗಳ ಕಾರ್ಖಾನೆಯೊಂದನ್ನು ವಹಿಸಿಕೊಂಡು, ಕುಟುಂಬ ಸಮೇತನಾಗಿ ಅಲ್ಲಿಗೆ ಹೋಗಿ ನೆಲೆಸಿದನು. ಆ ಕಾಲದಲ್ಲಿ ಸಿನಿಮಾ ಚಿತ್ರಗಳಿಗೆ ಮಾತಿರಲಿಲ್ಲ. ಚಿತ್ರಮಂದಿರಗಳಲ್ಲಿ ಪರದೆಯ ಮೇಲೆ ಕುದುರೆಗಳು ಓಡುತ್ತಿರುವಾಗ ಕೆಳಗೆ ಒಬ್ಬ ವಾದಕನು ದೊಡ್ಡ ಆರ್ಗನ್ನಿನ ಮುಂದೆ ಕುಳಿತು ಅದಕ್ಕೆ ತಕ್ಕ ರಾಗವನ್ನು ನುಡಿಸುತ್ತಿದ್ದನು. ಅಂತಹ ಆರ್ಗನ್‌ಗಳನ್ನೂ, ತಾವಾಗಿಯೇ ನುಡಿಯುವ ಪಿಯಾನೋಗಳನ್ನೂ ಲಿಂಕರ ಕಾರ್ಖಾನೆಯು ತಯಾರಿಸುತ್ತಿದ್ದಿತು.

ತಾನಾಗಿ ನುಡಿಯುವ ಪಿಯಾನೋ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಕಂಡಿರಲಾರರು. ಆದಕಾರಣ ಎರಡು ಮಾತು ಹೇಳುವುದು ಅವಶ್ಯ. ನಮ್ಮ ಹಾರ್ಮೋನಿಯಮ್ಮಿನ ಹಿಂಬದಿಯಲ್ಲಿ ತಿದಿಯೊಂದಿದೆಯಷ್ಟೆ. ಕೈಯಿಂದ ಒತ್ತಿದರೆ ಗಾಳಿಯು ಒಳಕ್ಕೆ ಹೋಗುತ್ತದೆ. ಮನೆಯನ್ನು ಒತ್ತಿದಾಗ ಬಾಯಿ ತೆರೆದು ಗಾಳಿಯು ಹೊರಕ್ಕೆ ಬರುತ್ತಾ ಸ್ವರವನ್ನುಂಟುಮಾಡುತ್ತದೆ. ಆ ಪಿಯಾನೋದಲ್ಲಿ ಒಂದೊಂದು ಮನೆಗೂ ಒಂದೊಂದು ಪುಟ್ಟ ತಿದಿಯಿರುತ್ತಿದ್ದಿತು. ರಂಧ್ರಗಳನ್ನು ಕೊರೆದ ಕಾಗದದ ಸುರುಳಿಯೊಂದು ನಿಧಾನವಾಗಿ ಬಿಚ್ಚಿಕೊಳ್ಳುವುದು. ರಂಧ್ರವು ಕೊಳವೆಯ ಬಾಯಿಗೆ ಬಂದೊಡನೆ ಗಾಳಿಯು ಒಳನುಗ್ಗಿ ಒಂದು ಕವಾಟವನ್ನು ಎತ್ತುವುದು. ತಿದಿಯೊಳಗಿನ ಗಾಳಿಯನ್ನು ಯಂತ್ರವು ಹೀರಿಕೊಳ್ಳುವುದು. ತಿದಿಯು ಮುದುಡಿ ತಂತಿಯ ಸುತ್ತಿಗೆಯನ್ನು ಎಳೆಯುವುದು. ಬೆರಳುಗಳಿಲ್ಲದೆ ಸಂಗೀತ ಹೊರಡುವುದು. ಗಾಳಿಯನ್ನು ಹೀರಿಕೊಂಡು ವಸ್ತುಗಳನ್ನು ಚಲಿಸುವಂತೆ ಮಾಡುವ ಈ ವಿದ್ಯೆಯನ್ನು ಲಿಂಕನು ಬಾಲ್ಯದಿಂದಲೇ ಕಂಡು ಬೆಳೆದನು. ಶಾಲೆಯ ಪಾಠಗಳಲ್ಲಿ ಆತನಿಗೆ ಅಷ್ಟಾಗಿ ಆಸಕ್ತಿಯಿರಲಿಲ್ಲವೆಂದು ತಿಳಿದುಬರುತ್ತದೆ. ಮುಖ್ಯೋಪಾಧ್ಯಾಯಿನಿಯಾದ ನಾವು ಈ ಸಂಗತಿಯನ್ನು ಸಂತೋಷದಿಂದೇನೂ ಬರೆಯುತ್ತಿಲ್ಲ.

1920ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಆತನು ಲಾಸ್ ಏಂಜಲೀಸ್ ನಗರದಲ್ಲಿ ಮೊದಲನೆಯ ಹಾರಾಟದ ಪಾಠವನ್ನು ಪಡೆದನು. ಪ್ರಸಿದ್ಧ ನಟನಾದ ಚಾರ್ಲಿ ಚಾಪ್ಲಿನ್ನನ ಅಣ್ಣ ಸಿಡ್ನಿ ಚಾಪ್ಲಿನ್ನನು ನಡೆಸುತ್ತಿದ್ದ ವಿಮಾನ ಮೈದಾನವದು. ಶುಲ್ಕವು ಐವತ್ತು ಡಾಲರುಗಳು. ಅಂದಿನ ಕಾಲಕ್ಕೆ ದೊಡ್ಡ ಹಣ. ಆ ಹಣಕ್ಕೆ ಬೋಧಕನು ವಿಮಾನವನ್ನು ಮೇಲಕ್ಕೊಯ್ದು ಸುತ್ತು ಹಾಕಿಸಿ, ಮಗುಚಿ, ಬುಗುರಿಯಂತೆ ತಿರುಗಿಸಿ ಕೆಳಗಿಳಿಸಿದನು. ಅಷ್ಟು ಹೊತ್ತೂ ಶಿಷ್ಯನ ಕೈಯು ಹಿಡಿಕೋಲನ್ನು ಮುಟ್ಟಲಿಲ್ಲ. ಹಣ ತೆತ್ತು, ಏನನ್ನೂ ಕಲಿಯದೆ ಇಳಿದು ಬಂದ ಆ ಹುಡುಗನಿಗೆ, ಹಾರುವುದನ್ನು ಕಲಿಸಲು ಇದಕ್ಕಿಂತ ಸುಲಭವಾದ, ಬಡವನಿಗೂ ಎಟಕುವ ಮಾರ್ಗವೊಂದಿರಬೇಕೆಂಬ ಯೋಚನೆಯು ಅಂದಿನಿಂದಲೇ ಹತ್ತಿತು. ಕಲಿಸುವವನ ಚಮತ್ಕಾರದಿಂದ ಕಲಿಯುವವನಿಗೆ ಪ್ರಯೋಜನವಿಲ್ಲವೆಂಬುದನ್ನು ತರಬೇತಿ ಶಾಲೆಯಲ್ಲಿ ನಮಗೂ ಹೇಳಿಕೊಟ್ಟಿದ್ದರು. ಅದನ್ನು ನೆನಪಿಟ್ಟುಕೊಳ್ಳುವುದು ಮಾತ್ರ ಸುಲಭವಲ್ಲ.

ತಂದೆಗೆ ಮಗನು ವಿಮಾನದ ಹುಚ್ಚಿಗೆ ಬಿದ್ದುದು ಹಿಡಿಸಲಿಲ್ಲ. ಆದರೂ ಮಗನು ಬಿಡಲಿಲ್ಲ. ಊರೂರುಗಳಿಗೆ ಹೋಗಿ ಚಿತ್ರಮಂದಿರಗಳ ಆರ್ಗನ್‌ಗಳನ್ನು ದುರಸ್ತು ಮಾಡುವುದು, ಉಳಿದ ಹೊತ್ತಿನಲ್ಲಿ ಹಾರುವುದು, ಹೀಗೆ ಕೆಲವು ವರುಷಗಳು ಕಳೆದವು. 1927ರಲ್ಲಿ, ಸೆಸ್ನಾ ಕಂಪೆನಿಯು ಗ್ರಾಹಕರಿಗೆ ಮಾರಿದ ಮೊತ್ತಮೊದಲನೆಯ ವಿಮಾನವು ಆತನ ಕೈಸೇರಿತು. ಅದರಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಾಡಿಸಿ, ಪಾಠ ಹೇಳಿ, ಹೇಗೋ ಜೀವನ ಸಾಗಿಸಿದನು. ಅದೇ ವರುಷ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಒಂದು ವಿಚಿತ್ರವಾದ ಪೆಟ್ಟಿಗೆಯನ್ನು ಕಟ್ಟಲು ತೊಡಗಿದನು.

ನೆಲದ ಮೇಲೆ ಹಾರಾಟವನ್ನು ಕಲಿಸುವ ಪ್ರಯತ್ನಗಳು ಅದಕ್ಕೆ ಮುನ್ನವೂ ನಡೆದಿದ್ದವು. 1910ರ ಸುಮಾರಿನಲ್ಲಿ ಫ್ರಾನ್ಸ್ ದೇಶದವರು ಪೀಪಾಯಿಯೊಂದನ್ನು ಅರ್ಧಕ್ಕೆ ಕುಯ್ದು, ಒಂದರ ಮೇಲೊಂದು ಇರಿಸಿ, ಮೇಲೆ ಶಿಷ್ಯನನ್ನು ಕೂರಿಸಿ, ಕೆಳಗೆ ನಿಂತವರು ಕೈಯಿಂದ ಅಲುಗಿಸುತ್ತಿದ್ದರು. ಶಿಷ್ಯನು ಚಕ್ರಗಳನ್ನು ತಿರುಗಿಸಿ ಸಮಸ್ಥಿತಿಗೆ ತರಬೇಕು. ಆದರೆ ಅಲ್ಲಿ ಅಲುಗಿಸುವವರು ಮನುಷ್ಯರು. ಶಿಷ್ಯನು ಮಾಡಿದ ತಪ್ಪಿಗೆ ತಕ್ಕ ಫಲವನ್ನು ಯಂತ್ರವೇ ಕೊಡುತ್ತಿರಲಿಲ್ಲ. ಲಿಂಕನ ಪೆಟ್ಟಿಗೆಯು ಹಾಗಲ್ಲ. ಮರದ ಪುಟ್ಟ ವಿಮಾನದೇಹ, ಅದಕ್ಕೆ ಮೊಂಡಾದ ರೆಕ್ಕೆಗಳು, ಬಾಲ. ಅಡಿಯಲ್ಲಿ ಎತ್ತ ಬೇಕಾದರೂ ವಾಲಬಲ್ಲ ಒಂದು ಕೀಲು. ಆ ಕೀಲಿನ ಸುತ್ತ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ನಾಲ್ಕು ತಿದಿಗಳು. ಇವು ಆರ್ಗನ್ ಕಾರ್ಖಾನೆಯ ತಿದಿಗಳೇ. ವಿದ್ಯುತ್ತಿನ ಪಂಪೊಂದು ಸದಾ ಗಾಳಿಯನ್ನು ಹೀರುತ್ತಿರುವುದು. ಚಾಲಕನು ಹಿಡಿಕೋಲನ್ನು ಎಡಕ್ಕೆ ಒತ್ತಿದರೆ ಕವಾಟವು ತೆರೆದು ಎಡಗಡೆಯ ತಿದಿಯು ಮುದುಡುವುದು, ಬಲಗಡೆಯದು ಉಬ್ಬುವುದು, ಪೆಟ್ಟಿಗೆಯು ಎಡಕ್ಕೆ ವಾಲುವುದು. ಕಾಲಿನಿಂದ ಚುಕ್ಕಾಣಿಯನ್ನು ಒತ್ತಿದರೆ, ತಿದಿಗಳಿಂದಲೇ ನಡೆಯುವ ಬೇರೊಂದು ಯಂತ್ರವು ಇಡೀ ದೇಹವನ್ನು ಗಾಣದಂತೆ ಸುತ್ತಿಸುವುದು. 1929ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದಾಗ, ಅದು ವೈಮಾನಿಕ ವಿದ್ಯಾರ್ಥಿಗಳ ತರಬೇತಿಗೂ ಮನೋರಂಜನೆಗೂ ಒದಗುವ ಸಾಧನವೆಂದು ಆತನು ವರ್ಣಿಸಿದನು. 1931ರಲ್ಲಿ ಹಕ್ಕುಪತ್ರವು ದೊರಕಿತು.

ಲೋಕವು ಮಾತ್ರ ಆ ವರ್ಣನೆಯ ಎರಡನೆಯ ಭಾಗವನ್ನೇ ನಂಬಿತು. ಹಾರುವ ಶಾಲೆಗಳವರು ನಕ್ಕರು. ವಿನೋದದ ಉದ್ಯಾನಗಳವರು ಕೊಂಡರು. ನಾಣ್ಯ ಹಾಕಿದರೆ ಮಕ್ಕಳನ್ನು ಅಲುಗಾಡಿಸುವ ಆಟಿಕೆಯಾಗಿ, ತಿರುಗುವ ತೊಟ್ಟಿಲುಗಳ ಪಕ್ಕದಲ್ಲಿ ಲಿಂಕನ ಪೆಟ್ಟಿಗೆಗಳು ನಿಂತವು. ಅಷ್ಟರಲ್ಲಿ ಮಾತನಾಡುವ ಚಿತ್ರಗಳು ಬಂದು ಆರ್ಗನ್ನಿನ ವ್ಯಾಪಾರವು ಇಳಿಯಿತು. 1929ರ ಕೊನೆಯಲ್ಲಿ ಅಮೆರಿಕದ ಹಣದ ಪೇಟೆಯೇ ಕುಸಿಯಿತು. ಲಿಂಕನು ತನ್ನದೇ ಶಾಲೆಯೊಂದನ್ನು ತೆರೆದು, ಮೊದಲು ಪೆಟ್ಟಿಗೆಯಲ್ಲಿ, ಅನಂತರ ವಿಮಾನದಲ್ಲಿ, ಅಗ್ಗದ ಶುಲ್ಕಕ್ಕೆ ಪಾಠ ಹೇಳಿದನು. ಹೊಟ್ಟೆಪಾಡಿಗೆ ಇನ್ನೊಂದು ಉಪಾಯವನ್ನೂ ಹೂಡಿದನು. ವಿಮಾನದ ರೆಕ್ಕೆಗಳ ಕೆಳಗೆ ದೀಪಗಳನ್ನು ಕಟ್ಟಿ, ಪಿಯಾನೋದ ರಂಧ್ರದ ಸುರುಳಿಯಿಂದಲೇ ಅವು ಹತ್ತಿ ಆರುವಂತೆ ಮಾಡಿ, ರಾತ್ರಿಯ ಆಕಾಶದಲ್ಲಿ ಅಂಗಡಿಗಳ ಜಾಹೀರಾತನ್ನು ಬರೆಯುತ್ತಾ ಹಾರಿದನು. ರಾತ್ರಿಯಲ್ಲಿ ಹಾರುವವನಿಗೆ ಮಾಪಕಗಳ ಬೆಲೆಯು ತಿಳಿಯದೆ ಇರದು. 1931ರಲ್ಲಿ ಆತನು ಮೇರಿಯನ್ ಕ್ಲೇಟನ್ ಎಂಬ ಪತ್ರಿಕಾ ಬರಹಗಾರ್ತಿಯನ್ನು ವಿವಾಹವಾದನು. ಆಕೆಯು ಮುಂದೆ ಆತನ ಉದ್ಯಮದಲ್ಲಿಯೂ ಸಮುದ್ರಯಾನಗಳಲ್ಲಿಯೂ ಸಮಭಾಗಿಯಾದಳು.

ಇನ್ನು ಮಂಜಿನ ವಿಷಯಕ್ಕೆ ಬರೋಣ. ಕಕ್ಕಡ ಮಾಸದಲ್ಲಿ ಕಾವಳವು ಕವಿದಾಗ ಕಾಫಿ ತೋಟದ ನಡುವೆ ದಾರಿ ತಪ್ಪಿದವರು ನೇರವಾಗಿಯೇ ನಡೆಯುತ್ತಿದ್ದೇವೆಂದು ನಂಬಿಕೊಂಡು, ಹೊರಟ ಜಾಗಕ್ಕೇ ಮರಳಿ ಬರುವುದುಂಟು. ಮೋಡದೊಳಗಿನ ವೈಮಾನಿಕನ ಸ್ಥಿತಿಯು ಇದೇ, ಆದರೆ ಆತನ ಕಾಲ ಕೆಳಗೆ ನೆಲವಿಲ್ಲ. ನಮ್ಮ ಕಿವಿಯೊಳಗೆ ಸಮತೂಕವನ್ನು ತಿಳಿಸುವ ದ್ರವ ತುಂಬಿದ ಸಣ್ಣ ನಾಳಗಳಿವೆ. ತಿರುಗಲು ಆರಂಭಿಸಿದಾಗ ಅವು ತಿಳಿಸುತ್ತವೆ. ಒಂದೇ ಸಮನಾಗಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತವೆ. ಆಗ ಚಾಲಕನಿಗೆ ತಾನು ನೇರವಾಗಿ ಹೋಗುತ್ತಿರುವಂತೆ ತೋರುವುದು. ಮಾಪಕವನ್ನು ನೋಡಿ ವಿಮಾನವನ್ನು ನೆಟ್ಟಗೆ ಮಾಡಿದರೆ, ಈಗ ಎದುರು ದಿಕ್ಕಿಗೆ ವಾಲುತ್ತಿರುವೆನೆಂದು ದೇಹವು ಕೂಗುವುದು. ದೇಹದ ಮಾತನ್ನು ಕೇಳಿದವನು ಸುರುಳಿ ಸುತ್ತುತ್ತಾ ನೆಲಕ್ಕೆ ಇಳಿಯುವನು. ದೇಹವು ಸುಳ್ಳು ಹೇಳುವಾಗ ಮುಳ್ಳನ್ನು ನಂಬುವುದೆಂಬ ಅಭ್ಯಾಸವು ಪುಸ್ತಕದಿಂದ ಬರುವಂತಹುದಲ್ಲ. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟಲ್ ಎಂಬ ಸೇನಾ ವೈಮಾನಿಕನು ಮುಚ್ಚಿದ ಗೂಡಿನಲ್ಲಿ ಕುಳಿತು, ಹೊರಗಡೆ ಏನನ್ನೂ ಕಾಣದೆ, ಮಾಪಕಗಳ ಸಹಾಯದಿಂದಲೇ ಮೇಲೇರಿ ಸುತ್ತಿ ಇಳಿದಿದ್ದನು. ಸಾಧ್ಯವೆಂಬುದು ಲೋಕಕ್ಕೆ ತಿಳಿಯಿತು. ಎಲ್ಲರಿಗೂ ಕಲಿಸುವುದು ಹೇಗೆಂಬುದು ಮಾತ್ರ ತಿಳಿಯಲಿಲ್ಲ.

ಲಿಂಕನು ತನ್ನ ಪೆಟ್ಟಿಗೆಗೆ ಮುಚ್ಚಳವನ್ನು ಹಾಕಿ, ಒಳಗೆ ಮಾಪಕಗಳನ್ನು ಜೋಡಿಸಿದುದು ಈ ಹಂತದಲ್ಲಿ. ನಮ್ಮ ಹುಡುಗಿಯರು ರಟ್ಟಿನಲ್ಲಿ ಮಾಡಿದುದನ್ನೇ ಆತನೂ ಮಾಡಬಹುದಾಗಿದ್ದಿತು. ಚಿತ್ರಿಸಿದ ಮುಖ, ಹಿಂದೆ ಒಂದು ದಾರ. ಆತನು ಹಾಗೆ ಮಾಡಲಿಲ್ಲ. ಎತ್ತರದ ಮಾಪಕವನ್ನೇ ನೋಡಿರಿ. ಅದರೊಳಗೆ ಗಾಳಿ ತೆಗೆದ ತೆಳುವಾದ ಲೋಹದ ಡಬ್ಬಿಯೊಂದಿರುತ್ತದೆ. ಮೇಲೇರಿದಂತೆಲ್ಲ ಹೊರಗಿನ ಗಾಳಿಯ ಒತ್ತಡವು ಕಡಿಮೆಯಾಗಿ ಡಬ್ಬಿಯು ಉಬ್ಬುವುದು. ಆ ಉಬ್ಬುವಿಕೆಯೇ ಮುಳ್ಳನ್ನು ತಿರುಗಿಸುವುದು. ಮಂಗಳೂರಿನ ಕಡಲ ತೀರದಲ್ಲಿರುವುದಕ್ಕಿಂತ ಸುಮಾರು 1,150 ಮೀಟರ್ ಎತ್ತರದ ನಮ್ಮ ಮಡಿಕೇರಿಯಲ್ಲಿ ಗಾಳಿಯ ಒತ್ತಡವು ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು ಕಡಿಮೆ. ಸಂಪಾಜೆಯ ಘಾಟಿಯನ್ನು ಹತ್ತುವಾಗ ಕಿವಿಗಳು ಮುಚ್ಚಿಕೊಳ್ಳುವುದು ಇದರಿಂದಲೇ. ಹಾಗಾದರೆ ನೆಲ ಬಿಡದ ಪೆಟ್ಟಿಗೆಯೊಳಗೆ ಎತ್ತರವನ್ನು ತರುವುದು ಹೇಗೆ? ಲಿಂಕನ ಯಂತ್ರದಲ್ಲಿ ಮಾಪಕವನ್ನು ಒಂದು ಮುಚ್ಚಿದ ತೊಟ್ಟಿಗೆ ಕೊಳವೆಯಿಂದ ಸೇರಿಸಿದ್ದರು. ಚಾಲಕನು ಎಂಜಿನ್ನಿನ ಹಿಡಿಯನ್ನು ಮುಂದಕ್ಕೆ ತಳ್ಳಿ ಮೂತಿಯನ್ನು ಎತ್ತಿದರೆ ಆ ತೊಟ್ಟಿಯಿಂದ ಗಾಳಿಯು ನಿಧಾನವಾಗಿ ಹೀರಲ್ಪಡುವುದು. ಡಬ್ಬಿಯು ಉಬ್ಬುವುದು. ಮುಳ್ಳು ಏರುವುದು. ಮೂತಿಯನ್ನು ತಗ್ಗಿಸಿದರೆ ಗಾಳಿಯು ಮರಳಿ ಸೇರಿ ಮುಳ್ಳು ಇಳಿಯುವುದು. ಮಾಪಕವು ತನ್ನ ಸಹಜ ಕೆಲಸವನ್ನೇ ಮಾಡುತ್ತಿದ್ದಿತು. ಅದರ ಸುತ್ತಲಿನ ಪುಟ್ಟ ಆಕಾಶವನ್ನು ಮಾತ್ರ ಲಿಂಕನು ಬದಲಾಯಿಸಿದನು.

ವೇಗದ ಮಾಪಕಕ್ಕೂ ಹೀಗೆಯೇ ಯೋಚಿಸಬೇಕಾಯಿತು. ನಿಜವಾದ ವಿಮಾನದಲ್ಲಿ ಎದುರುಗಾಳಿಯು ಒಂದು ಕೊಳವೆಯೊಳಗೆ ನುಗ್ಗಿ ಮುಳ್ಳನ್ನು ತಿರುಗಿಸುತ್ತದೆ. ಕೋಣೆಯೊಳಗೆ ಎದುರುಗಾಳಿ ಎಲ್ಲಿಯದು? ಎಂಜಿನ್ನಿನ ಹಿಡಿಯ ಸ್ಥಾನವನ್ನೂ ಮೂತಿಯ ಏರಿಳಿತವನ್ನೂ ತಿದಿಗಳು ಒಟ್ಟುಗೂಡಿಸಿ ಆ ಮುಳ್ಳಿಗೆ ತಿಳಿಸುತ್ತಿದ್ದವು. ಇದರಿಂದ ಒಂದು ದೊಡ್ಡ ಗುಣವುಂಟಾಯಿತು. ಮಾಪಕಗಳು ಒಂದಕ್ಕೊಂದು ಸಂಬಂಧವಿಟ್ಟುಕೊಂಡವು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸದೆ ಮೂತಿಯನ್ನು ಎತ್ತಿದವನು ಮೊದಲು ಎತ್ತರವು ಏರುವುದನ್ನೂ, ವೇಗವು ಇಳಿಯುವುದನ್ನೂ, ಬಳಿಕ ವೇಗವು ತೀರ ಕುಗ್ಗಿದಾಗ ಯಂತ್ರವು ಸ್ವಾಧೀನ ತಪ್ಪಿ ಬೀಳತೊಡಗುವುದನ್ನೂ ಕಾಣುತ್ತಿದ್ದನು. ವೇಗ ಹೆಚ್ಚಾದರೆ ಹಿಡಿಕೋಲು ಬಿಗಿಯಾಗುವಂತೆಯೂ, ಬೇಕೆಂದಾಗ ಬಿರುಗಾಳಿಯ ಕುಲುಕಾಟವು ಬರುವಂತೆಯೂ ಮುಂದಿನ ಮಾದರಿಗಳಲ್ಲಿ ಏರ್ಪಾಡುಗಳಾದವು. ದಿಕ್ಸೂಚಿಗೆ ಉಪಾಯವೇ ಬೇಡವಾಯಿತು. ಪೆಟ್ಟಿಗೆಯು ನಿಜವಾಗಿಯೂ ತಿರುಗುತ್ತಿದ್ದುದರಿಂದ ಅದು ತಾನಾಗಿಯೇ ಉತ್ತರವನ್ನು ಹುಡುಕಿಕೊಳ್ಳುತ್ತಿದ್ದಿತು. ಮುಳ್ಳನ್ನು ನಂಬಲು ಕಲಿಸುವ ಯಂತ್ರದಲ್ಲಿ ಮುಳ್ಳೇ ಸುಳ್ಳಾಡಿದರೆ, ಆ ಯಂತ್ರವು ಇಲ್ಲದಿರುವುದೇ ಲೇಸು. ಬಣ್ಣವೂ ಅಂಕಿಯೂ ನಿಜದಂತಿರುವುದು ಆಮೇಲಿನ ಮಾತು. ನಮ್ಮ ಪುಟ್ಟ ಹುಡುಗಿಯು ಬಣ್ಣವನ್ನು ಕೇಳಲಿಲ್ಲವಷ್ಟೆ.

ಹೀಗಿರಲಾಗಿ 1934ನೆಯ ಇಸವಿಯು ಬಂದಿತು. ಅಮೆರಿಕದ ಅಧ್ಯಕ್ಷನಾದ ರೂಸ್‌ವೆಲ್ಟನು ಖಾಸಗಿ ಕಂಪೆನಿಗಳೊಂದಿಗಿದ್ದ ವಿಮಾನ ಅಂಚೆಯ ಒಪ್ಪಂದಗಳನ್ನು ರದ್ದು ಮಾಡಿ, ಅಂಚೆಯನ್ನು ಸಾಗಿಸುವ ಕೆಲಸವನ್ನು ಸೇನೆಯ ವೈಮಾನಿಕರಿಗೆ ವಹಿಸಿದನು. ಫೆಬ್ರುವರಿ ತಿಂಗಳು, ಹಿಮಗಾಳಿ, ಮಂಜು, ರಾತ್ರಿ. ಸೇನೆಯ ತರುಣರು ಧೈರ್ಯಶಾಲಿಗಳು, ಆದರೆ ಮೋಡದೊಳಗೆ ಮಾಪಕಗಳನ್ನು ನೋಡಿ ಹಾರಲು ಅಭ್ಯಾಸವಿಲ್ಲದವರು. ಎಪ್ಪತ್ತೆಂಟು ದಿನಗಳಲ್ಲಿ ಹನ್ನೆರಡು ಮಂದಿ ಮಡಿದರು. ಯುದ್ಧವಲ್ಲ, ಶತ್ರುವಲ್ಲ, ಕಾಗದದ ಚೀಲಗಳನ್ನು ಒಯ್ಯುವಾಗ. ಆ ತರುಣರ ತಾಯಂದಿರಿಗೆ ಇದನ್ನು ಹೇಗೆ ತಿಳಿಸಿದರೋ.

ಆಗ ಸೇನೆಯವರಿಗೆ ಬಿಂಗ್‌ಹ್ಯಾಮ್‌ಟನ್ನಿನ ಆಟಿಕೆಯ ನೆನಪಾಯಿತು. ಲಿಂಕನು ತನ್ನ ಯಂತ್ರವನ್ನು ಕುರಿತು ಮಾತನಾಡಲು ನ್ಯೂಯಾರ್ಕಿನ ಬಳಿಯ ನೂವಾರ್ಕಿಗೆ ಬರಬೇಕೆಂದು ಗೊತ್ತಾಗಿದ್ದಿತು. ಆ ದಿನ ದಟ್ಟವಾದ ಮಂಜು ಕವಿದು, ಇಂತಹ ಹವೆಯಲ್ಲಿ ಹಾರುವುದು ಅಸಾಧ್ಯವೆಂದು ಕಾದಿದ್ದ ಅಧಿಕಾರಿಗಳು ತೀರ್ಮಾನಿಸಿಬಿಟ್ಟಿದ್ದರು. ಅಷ್ಟರಲ್ಲಿ ಮಂಜಿನೊಳಗಿಂದ ಎಂಜಿನ್ನಿನ ಸದ್ದು ಕೇಳಿಸಿತು. ಲಿಂಕನು ಇಳಿದು ಬಂದನು. ತನ್ನ ಪೆಟ್ಟಿಗೆಯಲ್ಲಿ ಕಲಿತ ವಿದ್ಯೆಯಿಂದಲೇ ಬಂದಿದ್ದನು. ಅನಂತರ ಹೆಚ್ಚು ಮಾತು ಬೇಕಾಗಲಿಲ್ಲ. ಸೇನೆಯು ಒಂದಕ್ಕೆ 3,500 ಡಾಲರಿನಂತೆ ಆರು ಯಂತ್ರಗಳನ್ನು ಕೊಂಡಿತು. ಹನ್ನೆರಡು ಪ್ರಾಣಗಳು ಹೋದ ಮೇಲೆ ಆರು ಯಂತ್ರಗಳು ಬಂದವೆಂಬುದನ್ನು ನಾವು ಬರೆಯದೆ ಬಿಡಲಾರೆವು.

ಎರಡನೆಯ ಮಹಾಯುದ್ಧವು ಬಂದಾಗ ಬೇಡಿಕೆಯು ಮಿತಿಮೀರಿತು. ಬಿಂಗ್‌ಹ್ಯಾಮ್‌ಟನ್ನಿನಲ್ಲಿಯೂ ಕೆನಡಾದ ಗ್ಯಾನನಾಕ್ವೆ ಎಂಬಲ್ಲಿಯೂ ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾದವು. ಐದು ಲಕ್ಷಕ್ಕೂ ಮಿಕ್ಕಿದ ವೈಮಾನಿಕರು ಅವುಗಳಲ್ಲಿ ಅಭ್ಯಾಸ ಮಾಡಿದರು. ನೀಲಿ ದೇಹ, ಹಳದಿ ರೆಕ್ಕೆಗಳ ಈ ಯಂತ್ರಕ್ಕೆ ತರುಣರು ನೀಲಿ ಪೆಟ್ಟಿಗೆಯೆಂದು ಹೆಸರಿಟ್ಟರು. ಮುಚ್ಚಳ ಹಾಕಿದ ಬಳಿಕ ಒಳಗೆ ಕತ್ತಲೆ, ಮುಳ್ಳುಗಳ ಮಸುಕು ಬೆಳಕು, ಕಿವಿಗೆ ರೇಡಿಯೋ. ಹೊರಗೆ ಮೇಜಿನ ಮುಂದೆ ಕುಳಿತ ಬೋಧಕರ ಎದುರಿನಲ್ಲಿ ಅವೇ ಮಾಪಕಗಳ ಪಡಿಯಚ್ಚು. ಮೇಜಿನ ಮೇಲೆ ಹರಡಿದ ನಕ್ಷೆಯ ಮೇಲೆ ಮೂರು ಗಾಲಿಗಳ ಒಂದು ಪುಟ್ಟ ಸಾಧನ. ಅದಕ್ಕೆ ಏಡಿಯೆಂದು ಹೆಸರು. ಒಳಗಿನವನು ಹೇಗೆ ಹಾರಿದನೋ ಹಾಗೆ ಆ ಏಡಿಯು ಶಾಯಿಯ ಗೆರೆಯನ್ನು ಎಳೆಯುತ್ತಾ ಸಾಗುವುದು. ಪಾಠ ಮುಗಿದು ಮುಚ್ಚಳ ತೆರೆದಾಗ ಶಿಷ್ಯನು ತನ್ನ ತಪ್ಪುಗಳನ್ನೆಲ್ಲ ಕಾಗದದ ಮೇಲೆ ಕಾಣುವನು. ತಪ್ಪು ಮಾಡಿ, ಅದನ್ನು ಕಂಡು, ಜೀವಂತನಾಗಿ ಎದ್ದು ಹೋಗಿ ಮರುದಿನ ತಿದ್ದಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿದ್ದಿತು.

ರೇಡಿಯೋದಿಂದ ದಾರಿ ಹಿಡಿಯುವ ಬಗೆಯು ನಮ್ಮ ಹುಡುಗಿಯರಿಗೆ ಇಷ್ಟವಾದೀತು. ನಿಲ್ದಾಣದ ದಾರಿಯ ಒಂದು ಪಕ್ಕದಲ್ಲಿದ್ದರೆ ಕಿವಿಗೆ ಒಂದು ಗಿಡ್ಡ, ಒಂದು ಉದ್ದ ಸ್ವರ ಕೇಳಿಸುವುದು. ಇನ್ನೊಂದು ಪಕ್ಕದಲ್ಲಿದ್ದರೆ ಉದ್ದವು ಮೊದಲು, ಗಿಡ್ಡವು ಆಮೇಲೆ. ಸರಿಯಾದ ದಾರಿಯ ನಡುವೆ ಬಂದಾಗ ಎರಡೂ ಒಂದರೊಳಗೊಂದು ಹೊಂದಿಕೊಂಡು, ತಂಬೂರಿಯ ಶ್ರುತಿಯಂತೆ ಎಡೆಬಿಡದ ಒಂದೇ ನಾದವಾಗುವುದು. ಈ ಸ್ವರಗಳನ್ನು ಬೋಧಕರು ಮೇಜಿನಿಂದಲೇ ಕೇಳಿಸುತ್ತಿದ್ದರು. ಆ ಬೋಧಕರಲ್ಲಿ ಅನೇಕರು ಸ್ತ್ರೀಯರೆಂಬುದನ್ನು ಹೇಳಲು ನಮಗೆ ಹೆಮ್ಮೆಯಾಗುತ್ತದೆ. ಅಮೆರಿಕದ ನೌಕಾಪಡೆಯ ಮಹಿಳಾ ದಳವಾದ ವೇವ್ಸ್‌ಗೆ ಸೇರಿದ ತರುಣಿಯರು ಅಟ್ಲಾಂಟಾದಲ್ಲಿ ಈ ವಿದ್ಯೆಯನ್ನು ಕಲಿತು, ಯುದ್ಧಕ್ಕೆ ಹೊರಡುವ ವೈಮಾನಿಕರಿಗೆ ಕಲಿಸಿದರು. ಯುದ್ಧವಿಮಾನದ ಚಾಲನೆಯು ಅವರಿಗೆ ನಿಷಿದ್ಧವಾಗಿದ್ದ ಕಾಲವದು.

ನಮ್ಮ ದೇಶದ ವಾಯುಪಡೆಯ ತರಬೇತಿಗೂ ಯುದ್ಧಕಾಲದಲ್ಲಿಯೇ ಈ ಯಂತ್ರಗಳು ಬಂದವು. ಕೊಡಗಿನಿಂದ ವಾಯುಪಡೆಗೆ ಸೇರಿದವರು ಕಡಿಮೆಯಲ್ಲ. 1932ರಲ್ಲಿ ಜನಿಸಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಬಹು ವೇಗವುಳ್ಳ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿ ತಾವೂ ಮಡಿದುದನ್ನು ಇಲ್ಲಿಯ ಮಕ್ಕಳೆಲ್ಲರೂ ಬಲ್ಲರು. ಅವರಿಗೆ ಮಹಾವೀರ ಚಕ್ರವು 1988ರಲ್ಲಿ ಬಂದಿತು. ಇಪ್ಪತ್ತಮೂರು ವರುಷಗಳ ಬಳಿಕ. ಲಿಂಕನೂ ಮುಂದೆ ಒಂದು ಸೆಪ್ಟೆಂಬರ್ 7ರಂದೇ ತೀರಿಕೊಂಡನು. ಇದು ಕೇವಲ ಆಕಸ್ಮಿಕ. ಆದರೂ ದಿನಾಂಕಗಳನ್ನು ಬರೆದುಕೊಳ್ಳುವಾಗ ನಮ್ಮ ಲೇಖನಿಯು ಕ್ಷಣಕಾಲ ನಿಂತಿತು.

ಯುದ್ಧಾನಂತರ ತಿದಿಗಳ ಸ್ಥಾನಕ್ಕೆ ವಿದ್ಯುತ್ ಯಂತ್ರಗಳೂ, ಅನಂತರ ಗಣಕಯಂತ್ರಗಳೂ ಬಂದವು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಇಂತಹ ಸಿಮ್ಯುಲೇಟರುಗಳನ್ನು ನಮ್ಮಲ್ಲಿಯೇ ನಿರ್ಮಿಸಿತು. 2001ರ ಜನವರಿ 4ರಂದು ತೇಜಸ್ ಯುದ್ಧವಿಮಾನವು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರುವ ಮುನ್ನ, ಅದರ ಚಾಲಕರು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಅದನ್ನು ಎಷ್ಟೋ ಬಾರಿ ಹಾರಿಸಿದ್ದರು. ಯಾರೂ ಹಾರಿಸದ ವಿಮಾನದ ಮುಳ್ಳುಗಳು ಹೇಗೆ ಅಲುಗುವುವೆಂದು ಲೆಕ್ಕದಿಂದಲೇ ತಿಳಿದು ತೋರಿಸುವುದು ಲಿಂಕನ ಕಾಲಕ್ಕಿಂತ ಬಹಳ ಮುಂದಿನ ವಿದ್ಯೆ. ಈಗಂತೂ ಮನೆಯ ಗಣಕಯಂತ್ರದ ಮುಂದೆಯೇ ಮಾಪಕಗಳನ್ನು ಕಟ್ಟಿಕೊಳ್ಳುವ ಹವ್ಯಾಸಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರನ್ನು ಕಾಡುವುದು ಕೂಡ ಹಳೆಯ ಪ್ರಶ್ನೆಯೇ: ಮುಳ್ಳು ಎಷ್ಟು ತಡವಾಗಿ ಏರಬೇಕು, ಎಲ್ಲಿ ನಡುಗಬೇಕು, ಯಾವುದು ಇಳಿದಾಗ ಯಾವುದು ಏರಬೇಕು.

ಲಿಂಕನು 1954ರಲ್ಲಿ ತನ್ನ ಕಂಪೆನಿಯನ್ನು ಮತ್ತೊಂದು ದೊಡ್ಡ ಸಂಸ್ಥೆಗೆ ಒಪ್ಪಿಸಿ ಸಮುದ್ರದ ಕಡೆಗೆ ತಿರುಗಿದನು. ಆಕಾಶವನ್ನು ಪೆಟ್ಟಿಗೆಯೊಳಗೆ ತಂದವನಿಗೆ ಸಾಗರದ ತಳವನ್ನು ನೋಡುವ ಆಸೆಯಾಯಿತು. ಸೀ ಡೈವರ್ ಎಂಬ ಹಡಗಿನಲ್ಲಿ ಪತ್ನಿಯೊಡನೆ ಹೊರಟು, 1959ರಲ್ಲಿ ಜಮೈಕಾ ದ್ವೀಪದ ಪೋರ್ಟ್ ರಾಯಲ್ ನಗರದ ಅವಶೇಷಗಳನ್ನು ಶೋಧಿಸಿದನು. ಅದು 1692ರ ಭೂಕಂಪದಲ್ಲಿ ಕಡಲೊಳಗೆ ಕುಸಿದ ನಗರ. ಅಲ್ಲಿ ದೊರೆತ ಹಿತ್ತಾಳೆಯ ಕಿಸೆ ಗಡಿಯಾರವೊಂದರ ಮುಳ್ಳುಗಳು ಎಂದೋ ಕರಗಿಹೋಗಿದ್ದವು. ಎಕ್ಸ್-ರೇ ಚಿತ್ರವನ್ನು ತೆಗೆದಾಗ ಅವು ಇದ್ದ ಜಾಗದ ಗುರುತು ಕಾಣಿಸಿತು: ಮಧ್ಯಾಹ್ನಕ್ಕೆ ಹದಿನೇಳು ನಿಮಿಷ ಮುಂಚೆ.

ಬಳಿಕ ಆತನು ಮನುಷ್ಯರು ಆಳದಲ್ಲಿ ಕೆಲಸಮಾಡಲು ಅನುಕೂಲವಾಗುವ ಮುಳುಗು ನೌಕೆಗಳ ನಿರ್ಮಾಣದಲ್ಲಿ ತೊಡಗಿದನು. 1973ರ ಜೂನ್ ತಿಂಗಳಲ್ಲಿ, ಫ್ಲಾರಿಡಾದ ಕೀ ವೆಸ್ಟ್ ಬಳಿ, ಅಂತಹ ಒಂದು ನೌಕೆಯು ಮುಳುಗಿದ್ದ ಹಡಗೊಂದರ ಅವಶೇಷದಲ್ಲಿ ಸಿಕ್ಕಿಹಾಕಿಕೊಂಡಿತು. ಒಳಗೆ ನಾಲ್ವರಿದ್ದರು, ಹಿಂಬದಿಯ ಕೋಣೆಯಲ್ಲಿದ್ದ ಇಬ್ಬರಲ್ಲಿ ಒಬ್ಬನು ಲಿಂಕನ ಮಗ, ಮೂವತ್ತೊಂದು ವರುಷದ ಕ್ಲೇಟನ್. ಅಲ್ಲಿಯ ಚಳಿಗೆ, ಉಸಿರಿನ ವಿಷವಾಯುವನ್ನು ಹೀರಿಕೊಳ್ಳಬೇಕಾಗಿದ್ದ ಔಷಧವು ಕೆಲಸ ಮಾಡದೆ ಹೋಯಿತು. ಮೇಲಿನ ಹಡಗಿನಲ್ಲಿ ತಂದೆಯು ಕಾಯುತ್ತಿದ್ದನು. ಒಂದು ದಿನಕ್ಕೂ ಮೀರಿದ ಪ್ರಯತ್ನದ ಬಳಿಕ ನೌಕೆಯನ್ನು ಎತ್ತಿದಾಗ ಮುಂಬದಿಯ ಇಬ್ಬರು ಬದುಕಿದ್ದರು, ಹಿಂಬದಿಯವರು ಉಳಿದಿರಲಿಲ್ಲ. ಅಪಾಯವನ್ನು ನೆಲದ ಮೇಲೆಯೇ ಕಲಿಸಿ ಪರರ ಮಕ್ಕಳನ್ನು ಉಳಿಸಿದವನಿಗೆ ತನ್ನ ಮಗನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಈ ಮಾತನ್ನು ಬರೆಯಬೇಕೇ ಬೇಡವೇ ಎಂದು ನಾವು ಯೋಚಿಸಿದೆವು. ಮುಚ್ಚಿಟ್ಟರೆ ವೃತ್ತಾಂತವು ಸುಳ್ಳಾಗುತ್ತಿದ್ದಿತು. ಅರವತ್ತೆಂಟರ ವಯಸ್ಸಿನ ಲಿಂಕನು ಶೋಕದಲ್ಲಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಆಳದಲ್ಲಿ ಸಿಕ್ಕಿಕೊಂಡ ನೌಕೆಗಳನ್ನು ಬಿಡಿಸಲು, ಮೇಲಿನಿಂದ ಹಗ್ಗದ ಮೂಲಕ ನಡೆಸಬಹುದಾದ, ಮನುಷ್ಯರಿಲ್ಲದ ಒಂದು ರಕ್ಷಣಾ ಯಂತ್ರವನ್ನು ನಿರ್ಮಿಸಿದನು.

1981ರ ಸೆಪ್ಟೆಂಬರ್ 7ರಂದು ಆತನು ಬಿಂಗ್‌ಹ್ಯಾಮ್‌ಟನ್ನಿನಲ್ಲಿ ಕಾಲವಾದನು. ಆ ಊರಿನ ವಿಮಾನ ಮೈದಾನಕ್ಕೆ ಆತನ ಹೆಸರನ್ನಿಟ್ಟಿದ್ದಾರೆ.

ನಮ್ಮ ರಟ್ಟಿನ ಮಾದರಿಯು ಈಗಲೂ ವಿಜ್ಞಾನದ ಕೊಠಡಿಯಲ್ಲಿದೆ. ಈ ವೃತ್ತಾಂತವನ್ನು ತರಗತಿಯಲ್ಲಿ ಓದಿದ ಮೇಲೆ ಹುಡುಗಿಯರು ಗಾಳಿ ತೆಗೆಯುವ ಕೈಪಂಪಿನ ಗಾಜಿನ ಗಂಟೆಯೊಳಗೆ ಹಳೆಯ ವಾಯುಭಾರಮಾಪಕವೊಂದನ್ನು ಇರಿಸಿ, ಅದರ ಮುಖಕ್ಕೆ ತಾವೇ ಬರೆದ ಎತ್ತರದ ಅಂಕಿಗಳನ್ನು ಅಂಟಿಸಿದ್ದಾರೆ. ಇಬ್ಬರು ಪಂಪನ್ನು ಎಳೆಯಬೇಕು, ಒಬ್ಬಳು ಹಿಡಿಕೋಲಿನಲ್ಲಿ ಕುಳಿತು ಏರುವಂತೆಯೋ ಇಳಿಯುವಂತೆಯೋ ಹೇಳಬೇಕು. ಮುಳ್ಳು ಅಲುಗುತ್ತದೆ, ಮಡಿಕೇರಿಯಿಂದ ಹೊರಟು ತಡಿಯಂಡಮೋಳ್ ಬೆಟ್ಟದ ತುದಿಯನ್ನು ದಾಟಿ ಹೋಗುತ್ತದೆ. ಆ ಪುಟ್ಟ ಹುಡುಗಿಗೆ ಹೇಳಿ ಕಳುಹಿಸಿದ್ದೇವೆ. ಉಳಿದ ಐದು ಮುಳ್ಳುಗಳು ಇನ್ನೂ ರಟ್ಟಿಗೆ ಅಂಟಿಕೊಂಡೇ ಇವೆ.